ಹೊಸ ಗ್ಯಾಸ್ಕೆಟ್ ತರೋ ಮುಂಚೆ ಹಳೇದನ್ನ ಓದಿ: ಅಪ್ಪನ ಯೆಜ್ಡಿ ಕಲಿಸಿದ ಪಾಠ

ನಿಮ್ಮ ಮನೆ ಕೊಟ್ಟಿಗೆ ಪಕ್ಕದಲ್ಲೋ ಪಂಪ್‌ಹೌಸ್ ಒಳಗೋ ಅಪ್ಪನ ಕಾಲದ ಒಂದು ಬೈಕು ಟಾರ್ಪಾಲು ಹೊದ್ದು ನಿಂತಿದೆಯಾ? ಹಾಗಾದ್ರೆ ಈ ವಾರದ ಪಾಠ ನಿಮಗೇ. ಹೆಡ್ ಗ್ಯಾಸ್ಕೆಟ್ ಅನ್ನೋ ಅಂಗೈ ಅಗಲದ ಬಳೆ ವಿಷಯದಲ್ಲಿ ನಾನು ಎರಡು ತಿಂಗಳಲ್ಲಿ ಮೂರು ಸಲ ಸೋತೆ. ನಾಲ್ಕನೇ ಸಲ ಗೆದ್ದೆ. ಆ ಮೂರು ತಪ್ಪುಗಳನ್ನ ನೀವು ಮಾಡಬಾರದು ಅಂತ ಇದನ್ನ ಬರೀತಿದ್ದೇನೆ.

ನಮ್ಮದು ಹುಣಸೂರು ಕಡೆ. ಅಪ್ಪನ ಗಾಡಿ ಯೆಜ್ಡಿ 250. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಶುರುವಿನಲ್ಲಿ ಜಾವಾ ಅಂತ ಬರ್ತಿದ್ದ ಬೈಕೇ ಮುಂದೆ ಯೆಜ್ಡಿ ಆಯ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದ್ರೆ ನಮ್ಮ ಕಡೆ ಹಳ್ಳಿಗಳಲ್ಲಿ ಗಾಡಿ ಇನ್ನೂ ಓಡ್ತಾ ಇದೆ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಕಿಕ್ಕೂ ಗೇರೂ ಒಂದೇ ಲಿವರ್. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ತಲೆಯಲ್ಲಿ ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಬೀಡಿನ ಸಿಲಿಂಡರ್, ಅದರ ಮೇಲೆ ಅಲ್ಯೂಮಿನಿಯಂ ಹೆಡ್, ನಡುವೆ ಒಂದು ಗ್ಯಾಸ್ಕೆಟ್, ಅಷ್ಟೇ. ಇಷ್ಟು ಸರಳ ಇರೋದರಿಂದಲೇ ನಾವು ಸದರ ಮಾಡ್ತೀವಿ.

ಬೆಳಗಿನ ಜಾವ ನಾಲ್ಕೂವರೆ

ಮೊದಲ ಸಲ ಗ್ಯಾಸ್ಕೆಟ್ ಹೋದಾಗ ಅಂಗಡಿಯಿಂದ ಹೊಸ ತಾಮ್ರದ್ದು ತಂದು, ಹಳೇ ಕರಿ ಮೇಲೇನೇ ಇಟ್ಟು ಬಿಗಿದೆ. ಮೂರು ವಾರ ಬಂತು. ಎರಡನೇ ಸಲ ಯಾರೋ ಹೇಳಿದ್ರು ಅಂತ ಸಿಲಿಕಾನ್ ಅಂಟು ದಪ್ಪಗೆ ಬಳಿದೆ. ಎಂಟು ದಿನಕ್ಕೆ ಸುಟ್ಟು ಉದುರಿತು. ಮೂರನೇ ಸಲ ಸಿಟ್ಟು ಬಂದು ಪಾನಾಗೆ ಪೈಪು ಸಿಕ್ಕಿಸಿ, ಮೈಯೆಲ್ಲ ಬಲ ಹಾಕಿ ಬಿಗಿದೆ. ಇನ್ನು ಜನ್ಮದಲ್ಲಿ ಬಿಡಲ್ಲ ಅಂದ್ಕೊಂಡೆ.

ಅದಾದ ನಾಲ್ಕನೇ ದಿನ ಅಪ್ಪ ಎರಡು ಮೂಟೆ ಬೀನ್ಸ್ ಕಟ್ಟಿಕೊಂಡು ಬೆಳಗಿನ ಜಾವ ಮೈಸೂರಿನ ಬಂಡೀಪಾಳ್ಯ ಮಾರುಕಟ್ಟೆಗೆ ಹೊರಟಿದ್ದರು. ನಾಲ್ಕೂವರೆ ಗಂಟೆ, ದಾರಿ ಇನ್ನೂ 18 ಕಿಲೋಮೀಟರ್ ಇದೆ ಅನ್ನುವಾಗ ಹೆಡ್ ಪಕ್ಕದಿಂದ ಚಿಸ್ ಚಿಸ್ ಅಂತ ಸದ್ದು ಬಂದು ಗಾಡಿ ಬಲ ಬಿಟ್ಟಿತು. ಫೋನಲ್ಲಿ ಚಾರ್ಜ್ ಇರಲಿಲ್ಲ. 62 ವರ್ಷದ ಮನುಷ್ಯ ಮೂಟೆ ಸಮೇತ ಗಾಡಿ ತಳ್ಕೊಂಡು ಮುಂದಿನ ಊರಿನವರೆಗೆ ಹೋಗಿ, ಅಲ್ಲಿಂದ ಲಗೇಜ್ ಆಟೋ ಹಿಡಿದು ಮಾರುಕಟ್ಟೆ ಮುಟ್ಟೋ ಹೊತ್ತಿಗೆ ಒಳ್ಳೆ ರೇಟು ಮುಗಿದಿತ್ತು. ಮನೆಗೆ ಬಂದು ನನ್ನ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರನೇ ದಿನ ಗುಜರಿಯವನಿಗೆ ಹೇಳಿ ಕಳಿಸಿದ್ರು. ಅವನು ಬರೋದು ಭಾನುವಾರ ಅಂತ ಆಯ್ತು. ನನಗೆ ಸಿಕ್ಕಿದ್ದು ಐದು ದಿನ.

ಹೆಡ್ಡನ್ನೂ ಗ್ಯಾಸ್ಕೆಟ್ಟನ್ನೂ ಚೀಲದಲ್ಲಿ ಹಾಕ್ಕೊಂಡು ಮೈಸೂರಲ್ಲಿ ಜಾವಾ ಗಾಡಿ ಮೇಲೇ ಕೂದಲು ಹಣ್ಣಾದ ಒಬ್ಬ ಮೇಸ್ತ್ರಿ ಹತ್ತಿರ ಹೋದೆ. ಹೊಸ ಗ್ಯಾಸ್ಕೆಟ್ ಯಾವ ಕಂಪನಿದು ತರಲಿ ಅಂತ ಕೇಳಿದೆ. ಅವರು ಹಳೇದನ್ನ ಕೈಗೆ ತಗೊಂಡು ಬೆಳಕಿಗೆ ಹಿಡಿದು, "ಯಾಕಪ್ಪಾ ಹೋದೆ ಅಂತ ಇದನ್ನ ಕೇಳಿದ್ಯಾ?" ಅಂದ್ರು.

ಇಡೀ ಪಾಠ ಆ ಒಂದು ಮಾತಲ್ಲಿದೆ. ಎಲೆ ಹಳದಿಯಾದ್ರೆ ನಾವು ನೇರ ಔಷಧಿ ಅಂಗಡಿಗೆ ಓಡ್ತೀವಾ? ಎಳೇ ಎಲೆ ಹಳದಿಯಾಗಿದೆಯೋ ಬಲಿತದ್ದೋ, ನರ ಹಸಿರಿದೆಯೋ ಇಲ್ವೋ ಅಂತ ಮೊದಲು ನೋಡ್ತೀವಿ. ಗ್ಯಾಸ್ಕೆಟ್ಟೂ ಹಾಗೇ. ಹೋದ ಗ್ಯಾಸ್ಕೆಟ್ ಅನ್ನೋದು ರೋಗ ಅಲ್ಲ, ರೋಗದ ಗುರುತು.

ಗ್ಯಾಸ್ಕೆಟ್ ಮೇಲೆ ಎಷ್ಟು ಒತ್ತಡ ಬೀಳುತ್ತೆ?

ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ಗಾಡಿಯ ಬೋರ್ 65 ಮಿ.ಮೀ. ಅಂದ್ರೆ ಪಿಸ್ಟನ್ ತಲೆಯ ಅಗಲ ಸುಮಾರು 33 ಚದರ ಸೆಂಟಿಮೀಟರ್. ಪೆಟ್ರೋಲ್ ಉರಿದಾಗ ಒಂದು ಚದರ ಸೆಂಟಿಮೀಟರ್‌ಗೆ 30 ಕಿಲೋ ಒತ್ತಡ ಅಂತ ಇಟ್ಟುಕೊಂಡ್ರೂ ಹೆಡ್ಡನ್ನ ಮೇಲಕ್ಕೆ ನೂಕೋ ಬಲ ಹತ್ತಿರ ಹತ್ತಿರ 1000 ಕಿಲೋ, ಅಂದ್ರೆ 10 ಕ್ವಿಂಟಲ್. ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಒಂದು ಸಲ ಉರಿಯುತ್ತೆ. ನಿಮಿಷಕ್ಕೆ 3000 ಸುತ್ತು ತಿರುಗಿದ್ರೆ ಸೆಕೆಂಡಿಗೆ 50 ಸಲ.

ಇದನ್ನ ಅಂಟು ತಡೆಯುತ್ತಾ? ಸಾಧ್ಯವೇ ಇಲ್ಲ. ತಡೆಯೋದು ನಟ್ಟುಗಳ ಬಿಗಿತ. ಆ ಬಿಗಿತ ಸುತ್ತಲೂ ಸಮನಾಗಿ ಹಂಚಿಹೋಗೋಕೆ ಮೇಲಿನ ಮುಖ, ಕೆಳಗಿನ ಮುಖ ಎರಡೂ ಸಪಾಟಾಗಿರಬೇಕು. ಗ್ಯಾಸ್ಕೆಟ್‌ದು ಉಳಿದ ಸಣ್ಣ ಏರುತಗ್ಗು ತುಂಬೋ ಕೆಲಸ ಅಷ್ಟೇ. ಗದ್ದೆ ಮಟ್ಟ ಮಾಡದೆ ನೀರು ಕಟ್ಟಿದ್ರೆ ಒಂದು ಮೂಲೆ ಒಣಗುತ್ತೆ, ಇನ್ನೊಂದು ಮೂಲೆ ಕೊಳೆಯುತ್ತೆ. ಬದು ಎಷ್ಟು ಎತ್ತರ ಕಟ್ಟಿದ್ರೂ ಅಷ್ಟೇ.

ಇನ್ನೊಂದು ವಿಷಯ: ಬಿಸಿಯಾದಾಗ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಗಾಡಿ ಬಿಸಿಯಾಗಿ ತಣ್ಣಗಾದಾಗೆಲ್ಲ ಹೆಡ್ಡೂ ಸಿಲಿಂಡರೂ ಒಂದರ ಮೇಲೊಂದು ಕೂದಲೆಳೆಯಷ್ಟು ಜರುಗುತ್ತವೆ. ಆದ್ದರಿಂದ ನಡುವೆ ಇರೋದು ಮೆತ್ತಗಿರಬೇಕು. ಗಟ್ಟಿಯಾದ ತಾಮ್ರ ಅಲ್ಲಿ ಕೆಲಸಕ್ಕೆ ಬರಲ್ಲ.

ಹಳೇ ಗ್ಯಾಸ್ಕೆಟ್ ಓದೋದು ಹೇಗೆ?

ಹೆಡ್ ಬಿಚ್ಚುವಾಗ ಗ್ಯಾಸ್ಕೆಟ್ ಯಾವ ದಿಕ್ಕಿಗೆ ಇತ್ತು ಅಂತ ಮಾರ್ಕರ್‌ನಲ್ಲಿ ಗುರುತು ಮಾಡಿ, ಎರಡೂ ಬದಿ ಫೋಟೋ ತೆಗೀರಿ. ಒರೆಸೋಕೆ ಮುಂಚೆ. ಆಮೇಲೆ ನೋಡಿ:

- ಸುತ್ತಲೂ ಒಂದೇ ಅಗಲದ ಹೊಳೆಯೋ ಉಂಗುರ ಇದ್ರೆ ಬಿಗಿತ ಸಮ ಇತ್ತು ಅಂತ ಅರ್ಥ.
- ಒಂದೇ ಕಡೆ, ಒಳಗಿನಿಂದ ಹೊರಗೆ ಕರಿ ದಾರಿ ಬಿದ್ದಿದ್ರೆ ಆ ಜಾಗದಲ್ಲಿ ಹೆಡ್ಡಿನ ಅಥವಾ ಸಿಲಿಂಡರಿನ ಮುಖ ತಗ್ಗಾಗಿದೆ.
- ಸುತ್ತಲೂ ಎಲ್ಲಾ ಕಡೆ ಕರಿ ಹರಡಿದ್ರೆ ನಟ್ಟು ಸಾಲದು, ಇಲ್ಲವೇ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಬಿಗಿದಿಲ್ಲ.
- ಒಳ ಅಂಚು ಕರಗಿದ ಹಾಗೆ, ಇರುವೆ ತಿಂದ ಹಾಗೆ ಆಗಿದ್ರೆ ಎಂಜಿನ್ ವಿಪರೀತ ಕಾದಿದೆ. ಇಗ್ನಿಷನ್ ಟೈಮಿಂಗ್ ಮುಂದಾಗಿರಬಹುದು, ಕಾರ್ಬುರೇಟರ್ ಬುಡದಲ್ಲೋ ಕ್ರ್ಯಾಂಕ್ ಸೀಲಲ್ಲೋ ಗಾಳಿ ಎಳೀತಿರಬಹುದು. ಅದನ್ನ ಸರಿಮಾಡದೆ ಹತ್ತು ಗ್ಯಾಸ್ಕೆಟ್ ಹಾಕಿದ್ರೂ ಹತ್ತೂ ಹೋಗುತ್ತವೆ.
- ಗ್ಯಾಸ್ಕೆಟ್‌ನ ತೂತು ಬೋರ್‌ಗಿಂತ ಚಿಕ್ಕದಿದ್ದು ಅಂಚು ಒಳಗೆ ಇಣುಕ್ತಿದ್ರೆ ಆ ಅಂಚು ಕೆಂಡವಾಗಿ, ಕಿಡಿ ಬೀಳೋ ಮುಂಚೇನೇ ಪೆಟ್ರೋಲ್ ಹೊತ್ತಿಸುತ್ತೆ. ಅದು ಬೇರೆ ಗಾಡಿಯ ಗ್ಯಾಸ್ಕೆಟ್, ವಾಪಸ್ ಕೊಡಿ.

ನಮ್ಮದರಲ್ಲಿ ಬಲಗಡೆ ಹಿಂದಿನ ಸ್ಟಡ್ ಪಕ್ಕದಲ್ಲಿ ಕರಿ ದಾರಿ ಇತ್ತು. ಮನೆಗೆ ಬಂದು ಹಿಂದಿನ ಎರಡು ಗ್ಯಾಸ್ಕೆಟ್ ಹುಡುಕಿದೆ. ಕಸದ ಡಬ್ಬದಲ್ಲೇ ಇದ್ದವು. ಮೂರಕ್ಕೂ ಕರಿ ದಾರಿ ಅದೇ ಜಾಗದಲ್ಲಿ! ಮೂರು ಸಲ ಅದು ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಬಿಚ್ಚೋಕೆ ಮುಂಚೆ

ಗ್ಯಾಸ್ಕೆಟ್ಟೇ ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳಿ. ತಣ್ಣಗಿರೋ ಎಂಜಿನ್ನಿನ ಹೆಡ್ ಜಾಯಿಂಟ್ ಸುತ್ತ ಸೋಪು ನೀರು ಹಚ್ಚಿ, ಸ್ವಿಚ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತಿರುಗಿಸಿ ಜೋರಾಗಿ ಕಿಕ್ ಮಾಡಿ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ. ಸ್ಪಾರ್ಕ್ ಪ್ಲಗ್ ಬುಡಕ್ಕೂ ಹಚ್ಚಿ. ಎಷ್ಟೋ ಸಲ ತಪ್ಪು ಅಲ್ಲಿನ ವಾಷರ್‌ದೇ ಇರುತ್ತೆ, ಹೆಡ್ಡಿನ ಮೇಲೆ ಅಪವಾದ ಬರುತ್ತೆ.

ಬಿಚ್ಚೋದು ಪೂರ್ತಿ ತಣ್ಣಗಾದ ಮೇಲೇ. ಹಿಂದಿನ ರಾತ್ರಿ ನಟ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆ ಬಿಡಿ. ನಮ್ಮ ಗಾಡಿಯಲ್ಲಿ ಹೆಡ್ ಹಿಡಿದಿರೋದು ನಾಲ್ಕು ಕಡೆ. ಒಂದನ್ನ ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋಗಬೇಡಿ. ಕತ್ತರಿ ಆಕಾರದಲ್ಲಿ, ಎದುರುಬದುರು, ಕಾಲು ಸುತ್ತು ಕಾಲು ಸುತ್ತು ಸಡಿಲಿಸಿ. ಬಿಚ್ಚುವಾಗಲೂ ಹೆಡ್ ಬಾಗಬಹುದು.

ಸಿಲಿಂಡರ್ ಮುಖ ಕ್ಲೀನ್ ಮಾಡೋ ಮುಂಚೆ ಪಿಸ್ಟನ್ ಮೇಲೆ ತಂದು, ಅದರ ಅಂಚಿನ ಸಂದಿಗೆ ಸುತ್ತಲೂ ಗ್ರೀಸ್ ತುಂಬಿ. ಉದುರಿದ ಕರಿ ಗ್ರೀಸಿಗೆ ಅಂಟಿಕೊಳ್ಳುತ್ತೆ, ಆಮೇಲೆ ಬಟ್ಟೆಯಲ್ಲಿ ಎತ್ತಿ ತೆಗೀಬಹುದು. ಒಂದು ಮರಳಿನ ಕಾಳು ಒಳಗೆ ಬಿದ್ರೂ ಬೋರ್ ಗೀರುತ್ತೆ.

ಎಚ್ಚರ: ಹಳೇ ಕಾಲದ ಬೂದು ಬಣ್ಣದ, ನಾರುನಾರಾದ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒಣಗಿರುವಾಗ ಕೆರೆಯಬೇಡಿ, ವೈರ್ ಬ್ರಷ್ ಹಾಕಬೇಡಿ, ಊದಬೇಡಿ. ನೀರಲ್ಲಿ ಚೆನ್ನಾಗಿ ನೆನೆಸಿ, ಮಾಸ್ಕ್ ಹಾಕ್ಕೊಂಡು ಮೆಲ್ಲಗೆ ಎತ್ತಿ, ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಬಿಸಾಕಿ. ಮಕ್ಕಳು ಹತ್ತಿರ ಬೇಡ.

ಗಾಜಿನ ಮೇಲೆ ಮಟ್ಟ ಮಾಡೋದು

ಗಾಜಿನ ಅಂಗಡಿಯಲ್ಲಿ 10 ಅಥವಾ 12 ಮಿ.ಮೀ. ದಪ್ಪದ ತುಂಡು ಗಾಜು ಕೇಳಿ. ಚೂರಾಗಿ ಉಳಿದದ್ದು ಕಮ್ಮಿಗೆ ಕೊಡ್ತಾರೆ. ನಮ್ಮ ಕೈಗೆ ಸಿಗೋ ಸಾಮಾನಲ್ಲಿ ಇದಕ್ಕಿಂತ ಸಪಾಟು ಇನ್ನೊಂದಿಲ್ಲ. ಗಟ್ಟಿ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಗಾಜು ಇಡಿ.

ಹೆಡ್ಡಿನ ಮುಖವನ್ನ ಗಾಜಿನ ಮೇಲೆ ಮಗುಚಿ, ಸುತ್ತಲೂ ಫೀಲರ್ ಗೇಜ್ ತೂರಿಸಿ ನೋಡಿ. 0.05 ಮಿ.ಮೀ. ಎಲೆ ಎಲ್ಲೂ ಹೋಗದಿದ್ರೆ ಹೆಡ್ ಚೆನ್ನಾಗಿದೆ. ನಮ್ಮದರಲ್ಲಿ ಆ ಬಲಗಡೆ ಹಿಂದಿನ ಮೂಲೆಯಲ್ಲಿ 0.15 ಸಲೀಸಾಗಿ ಹೋಯ್ತು. ಜೊತೆಗೆ ಸ್ಟಡ್ ತೂತಿನ ಬಾಯಿ ಸುತ್ತ ಲೋಹ ಇರುವೆಗೂಡಿನ ಹಾಗೆ ಉಬ್ಬಿತ್ತು. ನಾನು ಪೈಪು ಹಾಕಿ ಬಿಗಿದ ಪ್ರತಾಪ ಅದು! ಜಾಸ್ತಿ ಬಿಗಿದಷ್ಟೂ ತೂತಿನ ಬಳಿ ಲೋಹ ಉಬ್ಬುತ್ತೆ, ಉಬ್ಬಿದಷ್ಟೂ ಪಕ್ಕದ ಜಾಗ ಗ್ಯಾಸ್ಕೆಟ್ಟಿಗೆ ತಾಗೋದಿಲ್ಲ. ಜಾಸ್ತಿ ಬಿಗಿದು ಸೋರಿಕೆ ನಿಲ್ಲಿಸ್ತೀನಿ ಅಂದ್ಕೊಂಡವನು ಸೋರಿಕೆ ಹೆಚ್ಚಿಸಿದ್ದೆ.

ಸರಿಮಾಡೋ ಕ್ರಮ ಹೀಗೆ:

1. ತೂತಿಗಿಂತ ದೊಡ್ಡ ಡ್ರಿಲ್ ಬಿಟ್ ಒಂದನ್ನ ಬರೀ ಕೈಯಲ್ಲಿ ಹಿಡಿದು ತೂತಿನ ಬಾಯಿಗೆ ಎರಡು ಮೂರು ಸುತ್ತು ತಿರುಗಿಸಿ, ಉಬ್ಬು ತೆಗೀರಿ. ಮೆಷಿನ್‌ಗೆ ಹಾಕಬೇಡಿ.
2. ಮುಖದ ಮೇಲೆಲ್ಲ ಮಾರ್ಕರ್‌ನಲ್ಲಿ ಗೆರೆ ಎಳೀರಿ.
3. ಗಾಜಿನ ಮೇಲೆ 220 ನಂಬರ್ ವಾಟರ್ ಪೇಪರ್ ಒದ್ದೆ ಮಾಡಿ ಹಾಸಿ, ಹೆಡ್ಡನ್ನ ಎಂಟರ ಆಕಾರದಲ್ಲಿ ಹಗುರಾಗಿ ಉಜ್ಜಿ. ಹತ್ತು ಸುತ್ತಿಗೊಮ್ಮೆ ಹೆಡ್ಡನ್ನ ಕಾಲು ಸುತ್ತು ತಿರುಗಿಸಿ ಹಿಡೀರಿ, ಇಲ್ಲಾಂದ್ರೆ ಕೈಯ ಭಾರಕ್ಕೆ ಒಂದು ಕಡೆ ಹೆಚ್ಚು ಸವೆಯುತ್ತೆ.
4. ಗೆರೆ ಅಳಿಸಿದ್ದು ಎತ್ತರದ ಜಾಗ, ಗೆರೆ ಉಳಿದದ್ದು ತಗ್ಗು. ಎಲ್ಲಾ ಗೆರೆ ಅಳಿಸಿದ ಮೇಲೆ 400 ನಂಬರ್ ಪೇಪರ್‌ನಲ್ಲಿ ಮುಗಿಸಿ. ಅಲ್ಲಿಗೆ ನಿಲ್ಲಿಸಿ.
5. ಸೋಪು ನೀರಲ್ಲಿ ತೊಳೆದು, ತೂತು, ಪ್ಲಗ್‌ನ ಥ್ರೆಡ್ ಎಲ್ಲಾ ಒಣಗಿಸಿ.

ನನಗೆ ಇದಕ್ಕೆ ಎರಡು ಸಂಜೆ ಹಿಡೀತು. ಸಿಲಿಂಡರ್ ಮುಖವನ್ನೂ ಉಕ್ಕಿನ ಸ್ಕೇಲ್ ಅಡ್ಡಡ್ಡ ಇಟ್ಟು, ಫೀಲರ್ ಗೇಜ್‌ನಲ್ಲಿ ನೋಡಿ. ಬೀಡು ಅಷ್ಟು ಸುಲಭಕ್ಕೆ ಬಾಗಲ್ಲ. ಬಾಗಿದ್ರೆ, ಅಥವಾ ಹೆಡ್ಡಲ್ಲಿ 0.2 ಮಿ.ಮೀ.ಗಿಂತ ಹೆಚ್ಚು ತಗ್ಗು ಇದ್ರೆ ಲೇತ್ ಅಂಗಡಿಗೆ ಕೊಡೋದೇ ವಾಸಿ.

ತಾಮ್ರ ಮೆತ್ತಗೆ ಮಾಡೋದು

ಕುಡುಗೋಲನ್ನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ರೆ ಗಟ್ಟಿಯಾಗುತ್ತೆ, ಎಲ್ಲರಿಗೂ ಗೊತ್ತು. ತಾಮ್ರ ಅದಕ್ಕೆ ಉಲ್ಟಾ. ಒತ್ತಿ, ಬಡಿದು, ಬಾಗಿಸಿದ್ರೆ ಗಟ್ಟಿಯಾಗುತ್ತೆ. ಕೆಂಪಗೆ ಕಾಯಿಸಿದ್ರೆ ಮೆತ್ತಗಾಗುತ್ತೆ, ಆಮೇಲೆ ನೀರಿಗೆ ಹಾಕಿದ್ರೂ ಮೆತ್ತಗೇ ಇರುತ್ತೆ. ಅಂಗಡಿಯಿಂದ ತಂದ ಹೊಸ ಗ್ಯಾಸ್ಕೆಟ್ಟೂ ಅಚ್ಚಿನಲ್ಲಿ ಒತ್ತಿದ್ದರಿಂದ ಗಟ್ಟಿಯಾಗಿರಬಹುದು.

ಸಂಜೆಗತ್ತಲಲ್ಲಿ ಮಾಡಿ, ಬಣ್ಣ ಸರಿಯಾಗಿ ಕಾಣುತ್ತೆ. ಗ್ಯಾಸ್ಕೆಟ್ಟನ್ನ ಕಬ್ಬಿಣದ ತಂತಿಯಲ್ಲಿ ನೇತುಹಾಕಿ, ಬ್ಲೋ ಟಾರ್ಚ್ ಉರಿಯನ್ನ ಸುತ್ತಲೂ ಆಡಿಸಿ. ಮಂದ ಕೆಂಪು ಬಣ್ಣ ಸುತ್ತಲೂ ಒಮ್ಮೆ ಬಂದ್ರೆ ಸಾಕು. ಕಿತ್ತಳೆ ಬಣ್ಣಕ್ಕೆ ಹೋಗಬೇಡಿ. ನೀರಿಗೆ ಬಿಟ್ರೆ ಕರಿ ಪೊರೆ ಉದುರುತ್ತೆ. 400 ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ, ಬಾಗದ ಹಾಗೆ ಸಪಾಟಾಗಿ ಇಡಿ. ಪೆಟ್ರೋಲ್ ಡಬ್ಬ, ಹುಲ್ಲಿನ ಮೆದೆ ಎರಡರಿಂದಲೂ ದೂರ.

ಇದು ಅಪ್ಪಟ ತಾಮ್ರಕ್ಕೆ ಮಾತ್ರ. ಅಲ್ಯೂಮಿನಿಯಂ ಗ್ಯಾಸ್ಕೆಟ್ 660 ಡಿಗ್ರಿಗೆ ಕರಗಿಹೋಗುತ್ತೆ, ಕರಗೋ ಮುಂಚೆ ಕೆಂಪಾಗಿ ತೋರಿಸೋದೂ ಇಲ್ಲ. ನಾರಿನ ಗ್ಯಾಸ್ಕೆಟ್ ಒಂದು ಸಲಕ್ಕೆ ಮಾತ್ರ. ಎರಡನೇ ಸಲ ಹಾಕಬೇಡಿ.

ಜೋಡಿಸೋದು

ಹೆಡ್ ಉಜ್ಜಿದ್ದರಿಂದ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಜಾಗ ಕಮ್ಮಿಯಾಗಿರುತ್ತೆ. ಪಿಸ್ಟನ್ ಪಿನ್ನಿನ ನೇರಕ್ಕೆ, ಎರಡೂ ಕಡೆ ಅಂಚಿನಲ್ಲಿ ಮೆತ್ತಗಿನ ಸೋಲ್ಡರ್ ತಂತಿಯ ತುಂಡು ಗ್ರೀಸಿನಲ್ಲಿ ಅಂಟಿಸಿ, ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿದು, ಎಂಜಿನ್ನನ್ನ ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಬಿಚ್ಚಿ, ಚಪ್ಪಟೆಯಾದ ತಂತಿಯನ್ನ ಅಳೀರಿ. 1 ಮಿ.ಮೀ.ಗಿಂತ ಕಮ್ಮಿ ಬಂದ್ರೆ ದಪ್ಪದ ಗ್ಯಾಸ್ಕೆಟ್ ಬೇಕು. ಹೀಗೆ ಒಮ್ಮೆ ಬಿಗಿದ ತಾಮ್ರ ಮತ್ತೆ ಗಟ್ಟಿಯಾಗಿರುತ್ತೆ. ಆದ್ದರಿಂದ ಅಳತೆಗೆ ಹಳೇ ಗ್ಯಾಸ್ಕೆಟ್ ಹಾಕಿ, ಅಥವಾ ಅಳತೆ ಆದ ಮೇಲೆ ಕಾಯಿಸಿ.

ಮುಖ ಸಪಾಟಾಗಿದ್ರೆ ಅಂಟು ಬೇಡ. ಬೇಕೇ ಬೇಕು ಅನ್ನಿಸಿದ್ರೆ ಬಿಸಿ ತಡೆಯೋ ತಾಮ್ರದ ಸ್ಪ್ರೇಯನ್ನ ತೆಳ್ಳಗೆ ಒಂದೇ ಕೋಟ್ ಕೊಡಿ. ಸಿಲಿಕಾನ್ ಅಂಟು ಈ ಜಾಗಕ್ಕೆ ಅಲ್ಲವೇ ಅಲ್ಲ.

ಸ್ಟಡ್ಡಿನ ಥ್ರೆಡ್ ಬ್ರಷ್ಷಿನಲ್ಲಿ ಕ್ಲೀನ್ ಮಾಡಿ. ನಟ್ಟು ಬೆರಳಲ್ಲೇ ಕೊನೆವರೆಗೂ ತಿರುಗಬೇಕು. ತುಕ್ಕಿನ ಥ್ರೆಡ್ಡಲ್ಲಿ ಪಾನಾ ಬಿಗಿ ಅನ್ನಿಸಿದ್ರೂ ಹೆಡ್ಡಿಗೆ ಒತ್ತಡ ಹೋಗಿರಲ್ಲ. ಕೆಳಗೆ ಗಟ್ಟಿ, ಸಪಾಟು ವಾಷರ್ ಇರಲಿ.

ಬಿಗಿಯೋದು ಮೂರು ಹಂತದಲ್ಲಿ, ಎದುರುಬದುರು ಕ್ರಮದಲ್ಲಿ. ಪೂರ್ತಿ ಬಿಗಿತದ ಮೂರನೇ ಒಂದು ಭಾಗ, ಮೂರನೇ ಎರಡು ಭಾಗ, ಆಮೇಲೆ ಪೂರ್ತಿ. ಎಷ್ಟು ಅನ್ನೋದಕ್ಕೆ ನಿಮ್ಮ ಮಾದರಿಯ ಪುಸ್ತಕದ ಅಂಕಿಯೇ ಕೊನೆ ಮಾತು. ಅಂದಾಜಿಗೆ ಹೇಳೋದಾದ್ರೆ 8 ಮಿ.ಮೀ. ಗಟ್ಟಿ ಉಕ್ಕಿನ ಸ್ಟಡ್ಡಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್. ಅಂದ್ರೆ 20 ಸೆಂಟಿಮೀಟರ್ ಉದ್ದದ ಪಾನಾ ತುದಿಯಲ್ಲಿ 10-12 ಕಿಲೋ ಎತ್ತೋ ಬಲ. ಎಷ್ಟು ಕಮ್ಮಿ ಅಂತ ನನಗೆ ಆಶ್ಚರ್ಯ ಆಯ್ತು. ಟಾರ್ಕ್ ಪಾನಾ ಒಂದು ದಿನಕ್ಕೆ ಬಾಡಿಗೆಗೆ ತನ್ನಿ, ಪೈಪು ಮಾತ್ರ ಮುಟ್ಟಬೇಡಿ.

ಬಯಲಲ್ಲಿ ನಿಲ್ಲಿಸಿ ಹತ್ತು ನಿಮಿಷ ಓಡಿಸಿ, ಆಫ್ ಮಾಡಿ. ರಾತ್ರಿಯೆಲ್ಲ ತಣ್ಣಗಾಗಲಿ. ಬೆಳಿಗ್ಗೆ ಅದೇ ಕ್ರಮದಲ್ಲಿ, ಅದೇ ಅಂಕಿಗೆ ಮತ್ತೆ ಬಿಗೀರಿ. ಮೊದಲ ಸಲ ಬಿಸಿಯಾದಾಗ ತಾಮ್ರ ಇನ್ನಷ್ಟು ಕೂತು, ನಟ್ಟು ಸ್ವಲ್ಪ ಸಡಿಲ ಆಗಿರುತ್ತೆ. 100 ಕಿಲೋಮೀಟರ್ ಆದ ಮೇಲೆ ಇನ್ನೊಂದು ಸಲ. ಬಿಸಿ ಇರುವಾಗ ಬಿಗಿಯಬೇಡಿ. ಹಿಗ್ಗಿದ ಅಲ್ಯೂಮಿನಿಯಂ ನಿಮಗೆ ಸುಳ್ಳು ಹೇಳುತ್ತೆ.

ಬೇರೆ ಮೆಷಿನ್‌ಗಳಿಗೆ?

ಹಳೇದನ್ನ ಓದೋದು, ಮುಖ ಸಪಾಟಿದೆಯಾ ನೋಡೋದು, ಎದುರುಬದುರು ಬಿಗಿಯೋದು, ಇವು ಡೀಸೆಲ್ ಪಂಪ್‌ಸೆಟ್ಟಿಗೂ ಟಿಲ್ಲರಿಗೂ ಒಂದೇ. ಆದ್ರೆ ಅವುಗಳ ಒತ್ತಡ ಬಹಳ ಜಾಸ್ತಿ, ಕೆಲವದರಲ್ಲಿ ನೀರಿನ ದಾರಿಯೂ ಗ್ಯಾಸ್ಕೆಟ್ ಮೂಲಕವೇ ಹೋಗುತ್ತೆ. ಅವಕ್ಕೆ ಗಾಜಿನ ಮೇಲೆ ಕೈಯಲ್ಲಿ ಉಜ್ಜೋ ಕೆಲಸ ಬೇಡ, ಲೇತ್‌ಗೆ ಕೊಟ್ಟು ಹೊಸ ಗ್ಯಾಸ್ಕೆಟ್ಟೇ ಹಾಕಿ. ಕಳೆ ಕೊಚ್ಚೋ ಸಣ್ಣ ಟೂ ಸ್ಟ್ರೋಕ್ ಮೆಷಿನ್‌ಗಳಲ್ಲಿ ಹೆಚ್ಚಿನವಕ್ಕೆ ಹೆಡ್ಡೂ ಸಿಲಿಂಡರೂ ಒಂದೇ ಎರಕ, ಹೆಡ್ ಗ್ಯಾಸ್ಕೆಟ್ಟೇ ಇರಲ್ಲ.

ಭಾನುವಾರ

ಶನಿವಾರ ಬೆಳಿಗ್ಗೆ ಎರಡನೇ ಸಲ ಬಿಗಿದು, ಸೋಪು ನೀರು ಹಚ್ಚಿ ಕಿಕ್ ಮಾಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಕಿಕ್ ಕಾಲಿಗೆ ತಿರುಗಿ ಒದೆಯೋ ಹಾಗಿತ್ತು. ಭಾನುವಾರ ಗುಜರಿಯವನು ಬಂದಾಗ ಅಪ್ಪ ಕಾಫಿ ಕೊಟ್ಟು, ಮುರಿದ ನೇಗಿಲು, ಎರಡು ಹಳೇ ಪೈಪು ಹಾಕಿ ಕಳಿಸಿದ್ರು.

ಮಾರನೇ ವಾರ ಬೀನ್ಸ್ ಮೂಟೆ ಕಟ್ಟುವಾಗ ನಾನೂ ಬರ್ತೀನಿ ಅಂದೆ. ಮೂಟೆ ಇಡೋಕೆ ಜಾಗ ಬೇಕು, ನೀನು ಬಸ್ಸಲ್ಲಿ ಬಾ ಅಂದ್ರು. ಬಸ್ಸಲ್ಲೇ ಹೋದೆ. ನಾನು ಮುಟ್ಟೋ ಹೊತ್ತಿಗೆ ಅಪ್ಪ ಮೂಟೆ ಇಳಿಸಿ ಮಾರಿ ಆಗಿತ್ತು. ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೆಡ್ಡಿನ ಜಾಯಿಂಟ್ ಸುತ್ತ ತೋರುಬೆರಳು ಆಡಿಸಿ, ಬೆರಳನ್ನ ಬಿಳಿ ಟವೆಲ್ಲಿಗೆ ಒರೆಸಿದ್ರು. ಟವೆಲ್ ಮೇಲೆ ಕರಿ ಇರಲಿಲ್ಲ. ಟವೆಲ್ಲನ್ನ ನನ್ನ ಕಡೆ ಹಿಡಿದು ತೋರಿಸಿ, ಹೆಗಲ ಮೇಲೆ ಹಾಕ್ಕೊಂಡು, "ತಿಂಡಿ ತಿನ್ನೋಣ ನಡಿ" ಅಂದ್ರು.

ಹಳೇ ಗ್ಯಾಸ್ಕೆಟ್ ಮೂರೂ ಈಗ ಶೆಡ್ಡಿನ ಗೋಡೆ ಮೇಲೆ ಮೊಳೆಗೆ ನೇತಾಡ್ತಿವೆ. ನಿಮ್ಮದನ್ನೂ ಎಸೀಬೇಡಿ. ಮೊದಲು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅಂಗಡಿಗೆ ಹೋಗಿ.